ಅತಿ ಎತ್ತರದ ಪರ್ವತ ಯಾವುದು? ಎವರೆಸ್ಟ್ ಅಂದರೆ ಮಾತ್ರ ಅಂಕವಾ?

ಕ್ವಿಜ್‌ಪ್ರಿಯ: ಸಾಮಾನ್ಯ ಜ್ಞಾನ ಸ್ಪರ್ಧೆಯಲ್ಲಿ 'ಭೂಮಿಯ ಮೇಲಿನ ಅತಿ ಎತ್ತರದ ಪರ್ವತ ಯಾವುದು' ಎಂದು ಕೇಳಿದರು. ನಮ್ಮ ತಂಡ ಮೌನಾ ಕಿಯಾ ಅಂದಿತು. ಅಂಕ ಕೊಡಲಿಲ್ಲ. ಹವಾಯಿಯ ಈ ಜ್ವಾಲಾಮುಖಿ ನೀರಿನ ಮೇಲೆ ಕಾಣುವುದು 4207 ಮೀಟರ್ ಮಾತ್ರ, ನಿಜ. ಆದರೆ ಅದರ ಬುಡ ಇರುವುದು ಸಮುದ್ರದ ತಳದಲ್ಲಿ. ಅಲ್ಲಿಂದ ಅಳೆದರೆ 10,000 ಮೀಟರ್ ದಾಟುತ್ತದೆ. ಎವರೆಸ್ಟ್ 8848.86 ಮೀಟರ್. ನಮಗೆ ಅಂಕ ಸಿಗಬೇಕಿತ್ತು ಅಲ್ವಾ?

ಮಾಸ್ತರು: ಸಿಗಬಾರದು. ಸಮುದ್ರ ಮಟ್ಟದಿಂದ ಅಳೆಯುವುದೇ ಎಲ್ಲರೂ ಒಪ್ಪಿದ ರೀತಿ. 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ 8848.86 ಕೂಡ ಅದೇ ಲೆಕ್ಕದ್ದು. 1953ರಲ್ಲಿ ಹಿಲರಿ ಮೊದಲು ಕಾಲಿಟ್ಟ ಶಿಖರವೇ ಅತಿ ಎತ್ತರದ್ದು. ಇದರಲ್ಲಿ ಚರ್ಚೆ ಮಾಡಲು ಏನಿದೆ?

ಗಿರಿಗೆಳೆಯ: 'ಎಲ್ಲರೂ ಒಪ್ಪಿದ' ಅಂದರೆ ಯಾರು ಸರ್? ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕ ವೃತ್ತದ ಹತ್ತಿರ ಉಬ್ಬಿದೆ. ಧ್ರುವದ ಕಡೆಗಿಂತ ಅಲ್ಲಿ ತ್ರಿಜ್ಯ ಸುಮಾರು 21 ಕಿ.ಮೀ. ಜಾಸ್ತಿ. ಹಾಗಾಗಿ ಈಕ್ವೆಡಾರ್‌ನ ಚಿಂಬೊರಾಜೊ ಸಮುದ್ರ ಮಟ್ಟದಿಂದ 6263 ಮೀಟರ್ ಮಾತ್ರ ಇದ್ದರೂ, ಭೂಮಿಯ ಕೇಂದ್ರದಿಂದ ಅಳೆದರೆ ಎವರೆಸ್ಟ್‌ಗಿಂತ ಸುಮಾರು 2 ಕಿ.ಮೀ. ದೂರದಲ್ಲಿದೆ. ಆ ಮೂರನೇ ಉತ್ತರಕ್ಕೂ ಅಂಕ ಕೊಡಬೇಕು.

ಮಾಸ್ತರು: 'ಭೂಮಿಯ ಕೇಂದ್ರದಿಂದ' ಅಳೆದರೆ ಏನಾಗುತ್ತದೆ ಗೊತ್ತಾ? ಸಮಭಾಜಕ ವೃತ್ತದಲ್ಲಿರುವ ಕಡಲತೀರ, ಅಲಾಸ್ಕಾದ 6190 ಮೀಟರ್‌ನ ಡೆನಾಲಿ ಶಿಖರಕ್ಕಿಂತ ಎತ್ತರವಾಗುತ್ತದೆ. ಬೇಕಾದರೆ ಲೆಕ್ಕ ಹಾಕಿ ನೋಡಿ.

ಲತಾ_ಓದುಗಿ: ಲೆಕ್ಕ ಆಮೇಲೆ. 'ಹಿಲರಿ ಮೊದಲು ಕಾಲಿಟ್ಟ' ಎಂದು ಅಷ್ಟು ಸಲೀಸಾಗಿ ಬರೆದಿರಲ್ಲ, ಜೊತೆಗೇ ಹತ್ತಿದ ತೇನ್‌ಸಿಂಗ್ ಎಲ್ಲಿ ಹೋದರು? ಶಿಖರದ ಮೇಲಿನ ಆ ಪ್ರಸಿದ್ಧ ಫೋಟೋದಲ್ಲಿ ಐಸ್ ಆಕ್ಸ್ ಎತ್ತಿ ನಿಂತಿರುವುದು ತೇನ್‌ಸಿಂಗ್. ಹಿಲರಿ ಶಿಖರದ ಮೇಲೆ ನಿಂತ ಒಂದು ಫೋಟೋ ತೋರಿಸಿ ನೋಡೋಣ.

ಮಾಸ್ತರು: ಕ್ಯಾಮೆರಾ ಹಿಲರಿ ಕೈಯಲ್ಲಿತ್ತು ಮೇಡಂ. ಫೋಟೋ ತೆಗೆದವರು ಫೋಟೋದಲ್ಲಿ ಹೇಗೆ ಬರುತ್ತಾರೆ? ಹಿಲರಿ ಮೊದಲು ಹತ್ತಿದರು, ಹಿಂದೆಯೇ ನಾನು ಹತ್ತಿದೆ ಎಂದು ಸ್ವತಃ ತೇನ್‌ಸಿಂಗ್ 1955ರ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಲತಾ_ಓದುಗಿ: '1955ರ ಆತ್ಮಕಥೆ' ಹಿಡಿದುಕೊಂಡಿರಿ, 1953ನ್ನು ಯಾಕೆ ಬಿಟ್ಟಿರಿ? ಇಳಿದು ಬಂದ ಮೇಲೆ ಕಠ್ಮಂಡುವಿನಲ್ಲಿ ಇಬ್ಬರೂ ಸಹಿ ಹಾಕಿದ ಹೇಳಿಕೆಯಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು ಎಂದೇ ಇದೆ. ಅದು ಘಟನೆ ಆದ ತಕ್ಷಣದ ದಾಖಲೆ.

ಮಾಸ್ತರು: ಆ 'ತಕ್ಷಣದ ದಾಖಲೆ' ಯಾಕೆ ಬಂತು ಅಂತಲೂ ಹೇಳಿ. ತೇನ್‌ಸಿಂಗ್ ಹಿಲರಿಯನ್ನು ಹಗ್ಗದಲ್ಲಿ ಎಳೆದುಕೊಂಡು ಹೋಗುವ ಚಿತ್ರ ಹಿಡಿದು ಜನ ಸ್ವಾಗತಕ್ಕೆ ಬಂದಿದ್ದರು. ಗದ್ದಲ ತಣ್ಣಗಾಗಲಿ ಎಂದು ಮಾಡಿದ ಸಹಿ ಅದು.

ಗಿರಿಗೆಳೆಯ: ಚಿಂಬೊರಾಜೊ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಲತಾ_ಓದುಗಿ: 'ಗದ್ದಲ' ಅಂತ ಸುಮ್ನೆ ತಳ್ಳಿಹಾಕಬೇಡಿ. ಆ ಜನರ ಸಿಟ್ಟಿಗೆ ಕಾರಣ ಇತ್ತು. ಹಿಲರಿಗೆ 'ಸರ್' ಪದವಿ, ತಂಡದ ನಾಯಕ ಜಾನ್ ಹಂಟ್‌ಗೂ 'ಸರ್' ಪದವಿ. ತೇನ್‌ಸಿಂಗ್‌ಗೆ ಬರೀ ಜಾರ್ಜ್ ಮೆಡಲ್. ಪರ್ವತದ ಹೆಸರೂ ಇದೇ ಕಥೆ. ಅದೇ ಅತಿ ಎತ್ತರದ್ದು ಎಂದು ಲೆಕ್ಕ ಹಾಕಿದ್ದು ಭಾರತದ ಸರ್ವೆ ಇಲಾಖೆಯ ಗಣಿತಜ್ಞ ರಾಧಾನಾಥ ಸಿಕ್ದಾರ್. ಹೆಸರು ಹೋಗಿದ್ದು ಆ ಇಲಾಖೆಯ ಹಿಂದಿನ ಮುಖ್ಯಸ್ಥ ಜಾರ್ಜ್ ಎವರೆಸ್ಟ್‌ಗೆ, ಅದೂ ಅವರೇ ಬೇಡ ಅಂದ ಮೇಲೂ.

ಮಾಸ್ತರು: 'ಸರ್ ಪದವಿ' ಕೊಟ್ಟಿದ್ದು ಅನ್ಯಾಯವಾ, ನ್ಯಾಯವಾ ಎಂಬುದು ಬೇರೆ ಪ್ರಶ್ನೆ. ಯಾರ ಕಾಲು ಮೊದಲು ಹಿಮದ ಮೇಲೆ ಬಿತ್ತು ಎಂಬುದಕ್ಕೆ ಅದು ಸಾಕ್ಷಿ ಅಲ್ಲ. ಸಿಟ್ಟಿನಿಂದ ಇತಿಹಾಸ ಬರೆಯಬೇಡಿ.

ಲತಾ_ಓದುಗಿ: 'ಸಿಟ್ಟು' ಯಾರಿಗೆ? ನಾನು ದಾಖಲೆ ಕೊಟ್ಟಿದ್ದೇನೆ. ನೀವು ಬುದ್ಧಿವಾದ ಹೇಳುತ್ತಿದ್ದೀರಿ. ಒಂದೇ ಹಗ್ಗ ಕಟ್ಟಿಕೊಂಡು ಹತ್ತಿದ ಇಬ್ಬರಲ್ಲಿ ಒಬ್ಬರ ಹೆಸರನ್ನೇ ಬಿಟ್ಟು ಬರೆದವರು ನೀವು. ಅದಕ್ಕೆ ಮೊದಲು ಉತ್ತರ ಕೊಡಿ.

ಹಳೆಪುಟ: ಇಬ್ಬರೂ 1953ಕ್ಕೇ ಅಂಟಿಕೊಂಡಿದ್ದೀರಿ. 1924ರ ಜೂನ್ 8ರಂದು ಬ್ರಿಟಿಷ್ ಪರ್ವತಾರೋಹಿಗಳಾದ ಮ್ಯಾಲರಿ, ಅರ್ವಿನ್ ಎವರೆಸ್ಟ್ ಶಿಖರದ ಕಡೆ ಹೊರಟವರು ಮರಳಲಿಲ್ಲ. 1999ರಲ್ಲಿ ಮ್ಯಾಲರಿ ದೇಹ 8100 ಮೀಟರ್‌ಗೂ ಮೇಲೆ ಸಿಕ್ಕಿತು. ಹಿಮ ಕನ್ನಡಕ ಜೇಬಿನಲ್ಲಿತ್ತು. ಅಂದರೆ ಬಿಸಿಲು ಇಳಿದ ಮೇಲೆ ವಾಪಸ್ ಬರುತ್ತಿದ್ದರು. ಶಿಖರ ಮುಟ್ಟಿಯೇ ಬಂದಿರಬಹುದು.

ಮಾಸ್ತರು: 'ಇರಬಹುದು' ಅನ್ನುವುದಕ್ಕೆ ಯಾವ ಸ್ಪರ್ಧೆಯಲ್ಲೂ ಅಂಕ ಇಲ್ಲ. ಅವರು ಒಯ್ದ ಕ್ಯಾಮೆರಾ ಸಿಕ್ಕಿಲ್ಲ.

ಲತಾ_ಓದುಗಿ: ನೋಡಿ, ಅಲ್ಲಿ ಫೋಟೋ ಬೇಕು. ತೇನ್‌ಸಿಂಗ್ ಫೋಟೋ ಇದ್ದರೆ ಮಾತ್ರ ಲೆಕ್ಕಕ್ಕಿಲ್ಲ!

ಕ್ವಿಜ್‌ಪ್ರಿಯ: ಯಾರು ಮೊದಲು ಹತ್ತಿದರು ಅಂತ ನಾನು ಕೇಳಿರಲಿಲ್ಲ. 'ಸಮುದ್ರ ಮಟ್ಟದಿಂದ' ಎಂಬ ಎರಡು ಪದ ಪ್ರಶ್ನೆಯಲ್ಲಿ ಇದ್ದಿದ್ದರೆ ನಾವು ಎವರೆಸ್ಟ್ ಅಂತಲೇ ಹೇಳುತ್ತಿದ್ದೆವು. ಪ್ರಶ್ನೆ ಬರೆದವರ ತಪ್ಪಿಗೆ ನಮ್ಮ ಅಂಕ ಹೋಯಿತು. ಬುಡದಿಂದ ಅಳೆದರೆ ಮೌನಾ ಕಿಯಾನೇ ಸರಿ.

ಮಾಸ್ತರು: 'ಬುಡದಿಂದ' ಅನ್ನುತ್ತೀರಲ್ಲ, ಯಾವ ಬುಡ? ಅಲ್ಲೇ ಪಕ್ಕದ ಮೌನಾ ಲೋವಾ ತನ್ನ ಭಾರಕ್ಕೆ ಸಮುದ್ರದ ತಳವನ್ನೇ ಸುಮಾರು 8 ಕಿ.ಮೀ. ಕೆಳಗೆ ಒತ್ತಿದೆ. ಆ ನಿಜವಾದ ಬುಡದಿಂದ ತುದಿಗೆ ಸುಮಾರು 17 ಕಿ.ಮೀ. ನಿಮ್ಮ ನಿಯಮದಲ್ಲೇ ನಿಮ್ಮ ಉತ್ತರ ತಪ್ಪು.

ಕ್ವಿಜ್‌ಪ್ರಿಯ: 17 ಕಿ.ಮೀ. ಅಂತ ನೀವೇ ಬರೆದಿರಿ. ಹಾಗಾದರೆ ಎವರೆಸ್ಟ್ ಕೂಡ ತಪ್ಪು. ಅದಕ್ಕೆ ಮಾತ್ರ ಅಂಕ ಯಾಕೆ?

ಲತಾ_ಓದುಗಿ: ಮಾಸ್ತರೇ, ತೇನ್‌ಸಿಂಗ್ ಹೆಸರು ಯಾಕೆ ಬಿಟ್ಟಿರಿ? ನಾನಿನ್ನೂ ಕಾಯುತ್ತಿದ್ದೇನೆ.