ಅಪ್‌ಡೇಟ್: ಬ್ಲೂಸ್‌ಗೆ ಗಿಟಾರ್ ತಗೊಂಡೆ

ಆರು ವರ್ಷ ಅಕೌಸ್ಟಿಕ್ ನುಡಿಸಿದ್ದೇನೆ, ಬ್ಲೂಸ್ ಸಂಗೀತಕ್ಕೆ ಮೊದಲ ಎಲೆಕ್ಟ್ರಿಕ್ ಗಿಟಾರ್ ಯಾವುದು ತಗೊಳ್ಳಲಿ ಎಂದು ಹೋದ ತಿಂಗಳು ಕೇಳಿದ್ದೆ. ಒಳಗೆ ಅರ್ಧ ಟೊಳ್ಳಾದ ಸೆಮಿ ಹಾಲೋನಾ, ಗಟ್ಟಿ ಮರದ ಸ್ಟ್ರಾಟ್ ಥರದ್ದಾ ಅನ್ನುವುದೇ ಗೊಂದಲವಾಗಿತ್ತು. ಕೈಯಲ್ಲಿ ಹಿಡಿದು ನೋಡಿ ಅಂದಿರಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಎರಡು ಭಾನುವಾರ ಅದನ್ನೇ ಮಾಡಿದೆ. ಕೊನೆಗೆ ಯಮಹಾ ಪೆಸಿಫಿಕಾ 112 ಮನೆಗೆ ಬಂತು. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳು ಮೂರು: ನೆಕ್ ಹತ್ತಿರ ಮತ್ತು ನಡುವೆ ಒಂದೇ ಸುರುಳಿಯ ಸಿಂಗಲ್ ಕಾಯಿಲ್, ಬ್ರಿಜ್ ಹತ್ತಿರ ಎರಡು ಸುರುಳಿಯ ಹಂಬಕರ್. ನಾನಂತೂ ಇನ್ನೂ ನೆಕ್ ಪಿಕಪ್ ಬಿಟ್ಟು ಕದಲಿಲ್ಲ, ಅಷ್ಟು ಇಷ್ಟವಾಗಿದೆ.

ನಿಜವಾದ ಬದಲಾವಣೆ ತಂತಿಯಲ್ಲಿ. ನನ್ನ ಅಕೌಸ್ಟಿಕ್‌ನಲ್ಲಿ 12ರ ಸೆಟ್, ಅಂದರೆ ಅತಿ ತೆಳು ತಂತಿ 0.012 ಇಂಚು ದಪ್ಪ. ಮೂರನೇ ತಂತಿಗೆ ಲೋಹದ ಸುತ್ತು ಇದೆ, ಎಷ್ಟು ಪಕ್ಕಕ್ಕೆ ಎಳೆದರೂ ಅರ್ಧ ಸ್ವರಕ್ಕೇ ನಿಲ್ಲುತ್ತಿತ್ತು. ಇಲ್ಲಿ 9ರ ಸೆಟ್, ಮೂರನೇ ತಂತಿಗೆ ಸುತ್ತಿಲ್ಲ. ಪೂರ್ತಿ ಸ್ವರ ಸಲೀಸಾಗಿ ಏರುತ್ತದೆ. ಪಕ್ಕದ ಮನೆಯಲ್ಲಿ ಸಿತಾರ್ ನುಡಿಸುವ ಅಜ್ಜ ಕೇಳಿಸಿಕೊಂಡು, 'ಇದು ನಮ್ಮ ಮೀಂಡ್‌ನಂಗ ಐತಲ್ಲೋ ತಮ್ಮಾ' ಅಂದರು. ಮೀಂಡ್ ಅಂದರೆ ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ತುಂಬಾ ಖುಷಿಯಾಯಿತು. ಮುಟ್ಟಬೇಕಾದ ಸ್ವರವನ್ನು ಮೊದಲು ಬಾರಿಸಿ ಕೇಳು, ಆಮೇಲೆ ಎಳೆದು ಅಲ್ಲಿಗೆ ಹೋಗು ಎಂದು ಹೇಳಿಕೊಟ್ಟವರೂ ಅವರೇ.

ತೊಂದರೆಯೂ ಇದೆ. ಹಳೇ ಅಭ್ಯಾಸದಲ್ಲಿ ಜಾಸ್ತಿ ಒತ್ತಿದರೆ ತೆಳು ತಂತಿಯ ಸ್ವರ ಏರಿಬಿಡುತ್ತದೆ. ಸುಮ್ನೆ ಬಿಟ್ಟ ತಂತಿಗಳೂ ಆಂಪ್ಲಿಫೈಯರ್‌ನಲ್ಲಿ ಗುಂಯ್ ಅನ್ನುತ್ತವೆ. ಅವನ್ನು ಬಲ ಅಂಗೈಯಿಂದ ಅದುಮಿಡುವುದನ್ನು ಈಗ ಕಲಿಯುತ್ತಿದ್ದೇನೆ.