ಯಾವ ಗೇಮ್ ಉಂಟು, ಯಾರ ಹತ್ತಿರ ಉಂಟು: ಮನೆಯಲ್ಲೇ ಪಟ್ಟಿ ಇಡುವುದು ಹೇಗೆ?

ಪ್ರಶ್ನೆ (ಸುರತ್ಕಲ್‌ನಿಂದ):
ಅಣ್ಣ, ಪಿಎಸ್2, ಪಿಎಸ್4, ಸ್ವಿಚ್ ಕನ್ಸೋಲ್‌ಗಳ (ಗೇಮ್ ಆಡುವ ಮೆಷಿನ್‌ಗಳ) ಗೇಮ್ ಎಲ್ಲ ಸೇರಿ ನನ್ನ ಹತ್ತಿರ ಸುಮಾರು 140 ಗೇಮ್ ಉಂಟು. ಎಕ್ಸೆಲ್‌ನಲ್ಲಿ ಬರೆಯುತ್ತಿದ್ದೆ, ಅರ್ಧಕ್ಕೆ ನಿಂತಿತು. ಹೋದ ತಿಂಗಳು ಹಂಪನಕಟ್ಟೆಯಲ್ಲಿ ಒಂದು ಹಳೇ ಡಿಸ್ಕ್ ಸಿಕ್ಕಿತೆಂದು ಖುಷಿಯಿಂದ ತಂದೆ. ಮನೆಗೆ ಬಂದು ನೋಡಿದರೆ ಅದು ಕಪಾಟಿನಲ್ಲೇ ಉಂಟು! ಚಿಕ್ಕಪ್ಪನ ಮಗನಿಗೆ ಕೊಟ್ಟ ಮೂರು ಡಿಸ್ಕ್ ಯಾವುದೆಂದೂ ನೆನಪಿಲ್ಲ. ಪಟ್ಟಿ ಮನೆಯ ಮೆಷಿನ್‌ನಲ್ಲೇ ಇರಬೇಕು, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ಆಗಬೇಕು. ರಾಸ್ಪ್‌ಬೆರಿ ಪೈ 4 ಎಂಬ ಚಿಕ್ಕ ಕಂಪ್ಯೂಟರ್ ಉಂಟು. ರಾಮ್ಎಂ ಹಾಕಲಾ?

ಉತ್ತರ (ಮಣಿಪಾಲದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು):
ರಾಮ್ಎಂ ಒಳ್ಳೆಯದೇ. ಆದರೆ ಅದು ಫೋಲ್ಡರ್‌ನಲ್ಲಿರುವ ಗೇಮ್ ಫೈಲ್‌ಗಳನ್ನು ಹುಡುಕಿ ಜೋಡಿಸುವ ಸಾಫ್ಟ್‌ವೇರ್. ನಿಮ್ಮದು ಕಪಾಟಿನ ಡಿಸ್ಕ್ ಅಲ್ವಾ? ಹಾಗಾಗಿ ಬೇಡ.

ನಿಮಗೆ ಸರಿಹೊಂದುವುದು ಕೊಯಿಲೆಕ್ಷನ್ ಎಂಬ ಸಾಫ್ಟ್‌ವೇರ್. ನಾಣ್ಯ, ಪುಸ್ತಕ, ಗೇಮ್, ಯಾವ ಸಂಗ್ರಹಕ್ಕೂ ಆಗುತ್ತದೆ. ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಒಂದು ಡಬ್ಬಿಯಂತೆ ಓಡಿಸುವ ವಿಧಾನ) ಹಾಕಬಹುದು. ಕನ್ಸೋಲ್, ಕೊಂಡ ಬೆಲೆ, ಬಾಕ್ಸ್ ಉಂಟಾ ಇಲ್ವಾ, ಇಂಥ ಕಾಲಂಗಳನ್ನು ಒಮ್ಮೆ ಟೆಂಪ್ಲೇಟ್ ಮಾಡಿಟ್ಟರೆ ಸಾಕು. ‘ಯಾರ ಹತ್ತಿರ’ ಎಂಬ ಕಾಲಂ ಮರೆಯಬೇಡಿ. ನಿಮ್ಮ ತೊಂದರೆಯೇ ಅದು.

ಯಾವುದು ಆಡಿ ಮುಗಿಸಿದೆ, ಯಾವುದು ಅರ್ಧಕ್ಕೆ ಬಿಟ್ಟೆ ಎಂಬ ಲೆಕ್ಕವೂ ಬೇಕಾದರೆ ಯಾಮ್‌ಟ್ರ್ಯಾಕ್ ನೋಡಿ. ಗೇಮ್‌ನ ಹೆಸರು, ಮುಖಪುಟದ ಚಿತ್ರ ಎಲ್ಲ ಐಜಿಡಿಬಿ ಎಂಬ ಆನ್‌ಲೈನ್ ಗೇಮ್ ಮಾಹಿತಿ ಕೋಶದಿಂದ ತಾನೇ ತರುತ್ತದೆ. ಐಜಿಡಿಬಿ 2019ರಿಂದ ಟ್ವಿಚ್ ಕಂಪನಿಯದ್ದು. ಮೊದಲ ದಿನವೇ ಎರಡನ್ನೂ ಹಾಕಬೇಡಿ. ಎರಡು ಪಟ್ಟಿ ತುಂಬಿಸುವಷ್ಟರಲ್ಲಿ ಮತ್ತೆ ಎಕ್ಸೆಲ್ ಕತೆಯೇ ಆಗುತ್ತದೆ.

ಪ್ರಶ್ನೆ:
ಅಂಗಡಿಯಲ್ಲಿ ನಿಂತು ಮೊಬೈಲ್‌ನಲ್ಲಿ ನೋಡಬೇಕಲ್ಲ ಅಣ್ಣ? ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಮನೆಯ ಮೆಷಿನ್‌ಗೆ ಬರಲು ರೌಟರ್‌ನಲ್ಲಿ ದಾರಿ ತೆರೆಯುವುದು) ಮಾಡಿದೆ, ಆಗಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಬೇರೆ ಹೋಗುತ್ತಾ ಇರುತ್ತದೆ.

ಉತ್ತರ:
ಇಂಟರ್ನೆಟ್‌ನಲ್ಲಿ ಕಾಣುವ ಒಂದೇ ಪಬ್ಲಿಕ್ ವಿಳಾಸವನ್ನು ತುಂಬಾ ಮನೆಗಳಿಗೆ ಹಂಚುವ ಇಂಟರ್ನೆಟ್ ಕಂಪನಿಗಳಿವೆ. ಅಂಥ ಕಡೆ ಪೋರ್ಟ್ ತೆರೆದರೂ ಹೊರಗಿನಿಂದ ಬರಲಾಗುವುದಿಲ್ಲ. ಪೈಯಲ್ಲೂ ಮೊಬೈಲ್‌ನಲ್ಲೂ ಟೇಲ್‌ಸ್ಕೇಲ್ ಹಾಕಿ, ಅದು ನಿಮ್ಮ ಮೆಷಿನ್‌ಗಳ ನಡುವೆ ಮಾತ್ರ ಖಾಸಗಿ ಜಾಲ ಮಾಡಿಕೊಡುತ್ತದೆ. ಮನೆಯ ಬಾಗಿಲನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡುವ ಅಗತ್ಯವೇ ಇಲ್ಲ.

ಕರೆಂಟ್ ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಡೇಟಾ ಬರೆಯುತ್ತಿರುವಾಗ ಕರೆಂಟ್ ಹೋದರೆ ಪೈಯ ಎಸ್‌ಡಿ ಕಾರ್ಡ್ ಕೆಡಬಹುದು. ಜೂನ್ ಬಂತೆಂದರೆ ನಮ್ಮ ಕಡೆ ಇದು ಇದ್ದದ್ದೇ. ಡೇಟಾಬೇಸನ್ನು ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿಡಿ, ಪೈಗೆ ಚಿಕ್ಕ ಯುಪಿಎಸ್ ಕೊಡಿ. ಹಳೇ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು, ಅದರ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ಖಂಡಿತ ಬೇಡ.

ಬ್ಯಾಕಪ್ ಎಂದರೆ ಓಡುತ್ತಿರುವ ಡೇಟಾಬೇಸ್‌ನ ಫೋಲ್ಡರ್ ಕಾಪಿ ಮಾಡುವುದಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ದಿನಾ ರಾತ್ರಿ ಪಿಜಿ ಡಂಪ್ (ಅದರದ್ದೇ ಬ್ಯಾಕಪ್ ತೆಗೆಯುವ ಕಮಾಂಡ್) ಬಳಸಿ ಪ್ರತಿ ತೆಗೆದು ಬೇರೆ ಡಿಸ್ಕ್‌ಗೆ ಹಾಕಿ. ಚಿತ್ರಗಳು ಅಪ್‌ಲೋಡ್ ಫೋಲ್ಡರ್‌ನಲ್ಲಿರುತ್ತವೆ, ಅದನ್ನೂ ಸೇರಿಸಿ. ಹತ್ತು ಗೇಮ್ ತುಂಬಿಸಿದ ಕೂಡಲೇ ಆ ಬ್ಯಾಕಪನ್ನು ಇನ್ನೊಂದು ಮೆಷಿನ್‌ನಲ್ಲಿ ವಾಪಸ್ ಹಾಕಿ ನೋಡಿ. ಬಂತಾದರೆ ಉಳಿದ 130 ತುಂಬಿಸಿ.

ಪ್ರಶ್ನೆ:
ಹಳೇ ಲ್ಯಾಪ್‌ಟಾಪ್ ಉಂಟು ಅಣ್ಣ, ಬ್ಯಾಟರಿಯೂ ಸರಿ ಉಂಟು. ಈ ಭಾನುವಾರ ಅದರಲ್ಲೇ ಹಾಕುತ್ತೇನೆ. ಮೊದಲು ಚಿಕ್ಕಪ್ಪನ ಮಗನ ಮನೆಗೆ ಹೋಗಿ ಆ ಮೂರು ಡಿಸ್ಕ್ ಯಾವುದೆಂದು ಬರೆದುಕೊಂಡು ಬರುತ್ತೇನೆ.