ಬೆಳ್ಳಿಯ ಉಪ್ಪು, ಲವಣ, ಕ್ಷಾರ: ಬಾಟಲಿ ಮೇಲೆ ಯಾವ ಪದ ಬರೆಯಲಿ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ನಾನು ಜಮಖಂಡಿ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಲ್ಯಾಬಿನ ಬಾಟಲಿಗಳಿಗೆಲ್ಲ ಕನ್ನಡದ ಚೀಟಿ ಅಂಟಿಸಲು ಹೊರಟಿದ್ದೇನೆ. ಗಂಧಕಾಮ್ಲ, ಸುಣ್ಣದ ತಿಳಿನೀರು, ಮೈಲುತುತ್ತ ಸಲೀಸಾಗಿ ಮುಗಿದವು. ಸಿಲ್ವರ್ ನೈಟ್ರೇಟಿನ ಕಂದು ಬಾಟಲಿ ಹತ್ತಿರ ಪೆನ್ನು ನಿಂತಿತು.

ಹೆಸರು ಹಾಗೇ ಇರಲಿ, ಅದು ಎಲ್ಲರಿಗೂ ಗೊತ್ತಿರುವುದು. ನನ್ನ ತೊಡಕು ಅದರ ಕೆಳಗೆ, ಇದು ಎಂಥ ವಸ್ತು ಅಂತ ಹೇಳುವ ಸಾಲಿನದು. ಮೊದಲು 'ಬೆಳ್ಳಿಯ ಉಪ್ಪು' ಅಂತ ಬರೆದೆ. ಒಂಬತ್ತನೇ ತರಗತಿಯ ಹುಡುಗಿ ಓದಿ, "ಇದನ್ನ ಊಟದಾಗ ಹಾಕ್ತಾರೇನ್ರಿ ಅಕ್ಕೋರ?" ಅಂದಳು. ಆ ಚೀಟಿ ಅಲ್ಲೇ ಹರಿದೆ. ನೋಡಲು ಅದು ಕಲ್ಲುಪ್ಪಿನ ಹರಳಿನ ಹಾಗೇ ಇದೆ. ನುಂಗಿದರೆ ಬಾಯಿ, ಹೊಟ್ಟೆ ಸುಡುತ್ತದೆ. ಕಣ್ಣಿಗೆ ಬಿದ್ದರಂತೂ ದೊಡ್ಡ ಅಪಾಯ. 'ಲವಣ' ಅಂದರೂ ಅಷ್ಟೇ, ಸೈಂಧವ ಲವಣ ಅಡುಗೆಮನೆಯಲ್ಲೇ ಇರುತ್ತದಲ್ವಾ?

ಜೊತೆಯ ಶಿಕ್ಷಕರೊಬ್ಬರು 'ಚಂದ್ರಕ್ಷಾರ' ಅಂದರು. ಯುರೋಪಿನ ಹಳೆಯ ರಸವಾದಿಗಳು ಬೆಳ್ಳಿಯನ್ನು ಚಂದ್ರನಿಗೆ ಕಟ್ಟಿದ್ದರು, ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ ಲೂನಾರ್ ಕಾಸ್ಟಿಕ್, ಅಂದರೆ ಚಂದ್ರನ ಹೆಸರಿನ ಸುಡುವಸ್ತು, ಎಂಬ ಹೆಸರಿತ್ತು. ನಮ್ಮ ಸಂಸ್ಕೃತದ ರಸಶಾಸ್ತ್ರದಲ್ಲೂ ಆ ನಂಟು ಇದೆ. ಆದರೆ ನಮ್ಮ ಆಡುಮಾತಿನಲ್ಲಿ 'ಬೆಳ್ಳಿ ಮೂಡಿತು' ಅಂದರೆ ಶುಕ್ರ ಕಂಡಿತು ಅಂತ. ಆ ರಸವಾದಿಗಳಿಗೆ ಶುಕ್ರ ಅಂದರೆ ತಾಮ್ರ! ಮಕ್ಕಳ ತಲೆ ಸುಮ್ನೆ ಗೋಜಲಾಗುತ್ತದೆ.

'ಕ್ಷಾರ' ಇನ್ನೂ ತೊಡಕಿನದು. ಆಯುರ್ವೇದದಲ್ಲಿ ಮಾಂಸವನ್ನು ಸುಟ್ಟು ಕರಗಿಸುವುದು ಕ್ಷಾರ; ಭಗಂದರಕ್ಕೆ (ಗುದದ ಹತ್ತಿರ ಆಗುವ ನಾಳದಂಥ ಹುಣ್ಣು) ಕ್ಷಾರಸೂತ್ರ, ಅಂದರೆ ಕ್ಷಾರ ಸವರಿದ ದಾರ, ಕಟ್ಟುವುದು ಅದೇ ಅರ್ಥದಲ್ಲಿ. ಆ ಲೆಕ್ಕದಲ್ಲಿ ಪದ ಹೊಂದುತ್ತದೆ. ನರುಳ್ಳೆ ಸುಡಲು, ಮೂಗಿನ ರಕ್ತ ನಿಲ್ಲಿಸಲು ಡಾಕ್ಟರರು ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸುತ್ತಾರೆ. ಆದರೆ ಪಠ್ಯದ ಪ್ರಕಾರ ಕ್ಷಾರ ಕೆಂಪು ಲಿಟ್ಮಸನ್ನು ನೀಲಿ ಮಾಡಬೇಕು. ಇದು ಮಾಡುವುದಿಲ್ಲ.

ಇದೇ ಬಾಟಲಿಯಿಂದ ಒಂದು ಒಳ್ಳೆಯ ಪದ ತರಗತಿಗೆ ಬಂತು, ಅದನ್ನೂ ಹೇಳಲೇಬೇಕು. ನಮ್ಮ ಬೋರಿನ ನೀರಿಗೆ ಎರಡು ಹನಿ ತೆಳು ನೈಟ್ರಿಕ್ ಆಮ್ಲ, ಆಮೇಲೆ ನಾಲ್ಕು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ ತೋರಿಸಿದೆ. ಒಡೆದ ಹಾಲಿನಂತೆ ಬಿಳಿ ಗಸಿ ಇಳಿಯಿತು. ಅದು ಸಿಲ್ವರ್ ಕ್ಲೋರೈಡ್. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಮಾತ್ರ ತಿಳಿಯಾಗೇ ಉಳಿಯಿತು. "ಸವಳು ಅಂದ್ರ ಇದೇ ಏನ್ರಿ?" ಅಂದ ಒಬ್ಬ ರೈತರ ಹುಡುಗ. ಸವಳು ಅಂದರೆ ನೀರಿನ, ನೆಲದ ಉಪ್ಪುತನ. ಹೌದು, ಆ ಸವಳಿನಲ್ಲಿ ಕ್ಲೋರೈಡಿನ ಪಾಲು ಇದೇ. ಪುಸ್ತಕದ 'ಲವಣಾಂಶ' ಅವನಿಗೆ ತಿಳಿದಿರಲಿಲ್ಲ, ಸವಳು ತಿಳಿದಿತ್ತು. ಕೊಳವೆಯನ್ನು ಕಿಟಕಿ ಹತ್ತಿರ ಇಟ್ಟೆವು. ಬಿಸಿಲಿಗೆ ಗಸಿ ನೇರಳೆಯಾಗಿ, ಬೂದಾಗಿ, ಕಪ್ಪಾಗುತ್ತ ಹೋಯಿತು.

ಅವತ್ತು ನನ್ನ ಹೆಬ್ಬೆರಳಿಗೂ ಒಂದು ಹನಿ ತಾಗಿತ್ತು. ನೀರಿನಂತೆ ಇದ್ದುದರಿಂದ ಗೊತ್ತೇ ಆಗಲಿಲ್ಲ. ಸಂಜೆಗೆ ಕಂದು, ಬೆಳಿಗ್ಗೆಗೆ ಕಪ್ಪು. ಸೋಪಿಗೆ ಹೋಗಲಿಲ್ಲ, ಚರ್ಮದಲ್ಲೇ ಬೆಳ್ಳಿಯ ಸಣ್ಣ ಕಣಗಳು ಕೂತಿರುತ್ತವೆ, ಮೇಲಿನ ಪೊರೆ ಉದುರಿದಾಗಲೇ ಹೋಗಬೇಕು. 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆ ಮಾಡಿಕೊಡುವ ಮತದಾನದ ಶಾಯಿಯ ಗುಟ್ಟೂ ಇದೇ. ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಶುದ್ಧ ಮಾಡುವ ನಮ್ಮೂರ ಪತ್ತಾರರು ನನ್ನ ಬೆರಳು ನೋಡಿ, "ಕರೆಕಟ್ಟೇತಿ ಬಿಡ್ರಿ, ಹೋಗ್ತೈತಿ" ಅಂದರು. 'ಕರೆ' ಎಷ್ಟು ಸರಿಯಾದ ಪದ! ಕಲೆ ಅಂದರೆ ತೊಳೆದರೆ ಹೋದೀತು ಅನಿಸುತ್ತದೆ, ಕರೆ ಅಂದರೆ ಹಿಡಿದುಕೊಂಡಿದೆ ಅಂತಲೇ ಅರ್ಥ.

ನನ್ನ ಪ್ರಶ್ನೆ ಎರಡು. 'ಸುಡುಲವಣ' ಅಂತ ಕಟ್ಟಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಮತ್ತೆ, ನಿಮ್ಮ ಕಡೆ 'ಕರೆ' ಬರೀ ಬಾಳೆ, ಗೇರಿನ ಸೊನೆಯ ಗುರುತಿಗಾ, ಇಲ್ಲ ಇಂಥ ಕಪ್ಪಿಗೂ ಹೇಳ್ತೀರಾ?

ಸದ್ಯಕ್ಕೆ ಪೆನ್ಸಿಲಿನಲ್ಲಿ ಹೀಗೆ ಬರೆದಿಟ್ಟಿದ್ದೇನೆ: "ಸಿಲ್ವರ್ ನೈಟ್ರೇಟ್. ಸುಡುಲವಣ. ಮೈಗೆ ತಾಗಿದರೆ ಕರೆಕಟ್ಟುತ್ತದೆ. ಕತ್ತಲಲ್ಲಿಡಿ, ಕಾಗದ, ಇದ್ದಿಲು, ಸಕ್ಕರೆಯಿಂದ ದೂರವಿಡಿ."